ಮೂರು ಬೆಲ್ಟ್ ತಿಂದ ಮೋವರ್

ನಮ್ಮ ಮೋವರಿನ, ಅಂದರೆ ಹುಲ್ಲು ಕತ್ತರಿಸುವ ಗಾಡಿಯ, ಮೂರನೇ ಬೆಲ್ಟ್ ಹರಿದದ್ದು ಜೂನ್ ತಿಂಗಳ ಎರಡನೇ ಶನಿವಾರ, ಹಿತ್ತಲಿನ ಇಳಿಜಾರಿನ ಮಧ್ಯದಲ್ಲಿ. ಮೊದಲು ರಬ್ಬರ್ ಸುಟ್ಟ ವಾಸನೆ ಬಂತು. ಆಮೇಲೆ ಸೀಟಿನ ಕೆಳಗೆ ಟಪಟಪ ಅಂತ ಏನೋ ಬಡಿಯುವ ಸದ್ದು. ಬ್ಲೇಡ್ ನಿಲ್ಲಿಸುವಷ್ಟರಲ್ಲಿ ಗಾಡಿಯೇ ನಿಂತಿತು. ಇಂಜಿನ್ ಓಡುತ್ತಲೇ ಇತ್ತು, ಚಕ್ರ ಮಾತ್ರ ತಿರುಗುತ್ತಿರಲಿಲ್ಲ. ಆ ಬೆಲ್ಟ್ ಹಾಕಿ ಹತ್ತು ದಿನ ಆಗಿತ್ತು. ಅದರಲ್ಲಿ ಹುಲ್ಲು ಕತ್ತರಿಸಿದ್ದು ಒಂದೂವರೆ ಸಲ.

ನಾವಿರುವುದು ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ, ರಾಲೆಯಿಂದ ಮುಕ್ಕಾಲು ಗಂಟೆ ದಾರಿ. ಮನೆ ಸುತ್ತ ಹತ್ತಿರ ಹತ್ತಿರ ಒಂದು ಎಕರೆ ಜಾಗ, ನಮ್ಮೂರಿನ ಲೆಕ್ಕದಲ್ಲಿ ನಲವತ್ತು ಗುಂಟೆ. ಎಲ್ಲಾ ಫೆಸ್ಕ್ಯೂ ಹುಲ್ಲು. ಈ ಹುಲ್ಲಿಗೆ ತಂಪು ಇಷ್ಟ. ಏಪ್ರಿಲ್, ಮೇ ತಿಂಗಳಲ್ಲಿ ಮಳೆ ಬಿದ್ದರೆ ಐದು ದಿನಕ್ಕೊಮ್ಮೆ ಕತ್ತರಿಸಬೇಕು. ಒಂದು ವಾರ ಬಿಟ್ಟರೆ ಮಂಡಿಯತ್ತ ಬರುತ್ತದೆ, ಎರಡು ವಾರ ಬಿಟ್ಟರೆ ಕಾಲೊನಿ ಸಂಘದಿಂದ ಪತ್ರ ಬರುತ್ತದೆ. ಕೈಯಲ್ಲಿ ತಳ್ಳುವ, 21 ಇಂಚು ಅಗಲ ಕತ್ತರಿಸುವ ಮೋವರ್ ಇದೆ. ಅದರಲ್ಲಿ ಇಡೀ ಜಾಗ ಮುಗಿಸೋಕೆ ಮೂರು ಗಂಟೆಗೂ ಜಾಸ್ತಿ ಬೇಕು. ಹಾಗಾಗಿ ಮೇಲೆ ಕೂತು ಓಡಿಸುವ 42 ಇಂಚಿನ ಈ ಗಾಡಿ ನಮಗೆ ಶೋಕಿಯಲ್ಲ, ಅಗತ್ಯ.

ಈ ಥರದ ಗಾಡಿಯಲ್ಲಿ ಎರಡು ಬೆಲ್ಟ್ ಇರುತ್ತವೆ. ಇಂಜಿನ್ನಿನ ಶಾಫ್ಟ್ ನೇರ ಕೆಳಕ್ಕೆ ಇಳಿದಿರುತ್ತದೆ. ಅದರ ತುದಿಯಲ್ಲಿ ಕೆಳಗಿನ ಪುಲ್ಲಿಯಿಂದ ಒಂದು ಬೆಲ್ಟ್ ಬ್ಲೇಡುಗಳಿಗೆ ಹೋಗುತ್ತದೆ. ಮೇಲಿನ ಪುಲ್ಲಿಯಿಂದ ಇನ್ನೊಂದು ಬೆಲ್ಟ್ ಗಾಡಿಯ ಹೊಟ್ಟೆಯ ಕೆಳಗೆ ಹಾದು ಹಿಂದಿನ ಗೇರ್‌ಬಾಕ್ಸಿನ ಪುಲ್ಲಿಗೆ ಹೋಗುತ್ತದೆ. ಗಾಡಿ ಓಡುವುದು ಈ ಎರಡನೆಯದರಿಂದ. ಇದು ಮಧ್ಯದಲ್ಲಿ ಎರಡು ಐಡ್ಲರ್ ಪುಲ್ಲಿಗಳ, ಅಂದರೆ ಬೆಲ್ಟನ್ನು ಒತ್ತಿ ಹಿಡಿಯುವ ಪುಲ್ಲಿಗಳ, ನಡುವೆ ತೂರಿಕೊಂಡು ಹೋಗುತ್ತದೆ. ಒಂದರಲ್ಲಿ 'ವಿ' ಆಕಾರದ ತೋಡು ಇದೆ, ಇನ್ನೊಂದು ಚಪ್ಪಟೆ. ಎರಡೂ ಒಂದು ಕಬ್ಬಿಣದ ತೋಳಿನ ಮೇಲೆ ಕೂತಿವೆ. ತೋಳನ್ನು ಒಂದು ದಪ್ಪ ಸ್ಪ್ರಿಂಗ್ ಎಳೆದು ಹಿಡಿದಿರುತ್ತದೆ. ಬೆಲ್ಟ್ ಬಿಗಿಯಾಗಿರೋದು ಆ ಸ್ಪ್ರಿಂಗಿನಿಂದಲೇ. ನನ್ನ ಕಥೆ ಪೂರ್ತಿ ಆ ತೋಳಿನದು. ಅದು ಗೊತ್ತಾಗೋಕೆ ನನಗೆ ಎರಡು ತಿಂಗಳು ಬೇಕಾಯಿತು.

ಗಾಡಿಯ ಜೊತೆ ಬಂದಿದ್ದ ಬೆಲ್ಟ್ ಐದು ವರ್ಷ ಬಾಳಿತು. ಏಪ್ರಿಲ್ ಮಧ್ಯದಲ್ಲಿ ಹರಿಯಿತು. ಒಳಮೈಯಲ್ಲಿ ಅಡ್ಡಡ್ಡ ಬಿರುಕು ಬಿಟ್ಟಿತ್ತು, ವಯಸ್ಸಾಗಿತ್ತು ಅಷ್ಟೇ. ಆವತ್ತೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಅಳತೆ ನೋಡಿ ಒಂದು 4ಎಲ್ ಬೆಲ್ಟ್ ತಂದೆ. ಹದಿಮೂರು ಡಾಲರ್. 4ಎಲ್ ಅಂದರೆ ಅರ್ಧ ಇಂಚು ಅಗಲ. ಮುಂದಿನ ಅಂಕಿ ಹೊರಸುತ್ತಿನ ಉದ್ದವನ್ನು ಇಂಚಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಹೇಳುತ್ತದೆ. 950 ಅಂತಿದ್ದರೆ 95 ಇಂಚು. ಅಳತೆ ಸರಿಯಾಗಿದ್ದರೆ ಸಾಕು ಅಂದುಕೊಂಡಿದ್ದೆ. ಸಾಲದು. ಅಂಥ ಬೆಲ್ಟ್ ಮಾಡೋದು ಫ್ಯಾನು, ಸಣ್ಣ ಪಂಪು, ಇಂಥ ಹಗುರ ಕೆಲಸಕ್ಕೆ. ಮೋವರಿನಲ್ಲಿ ಬೆಲ್ಟ್ ಒಮ್ಮೆ ಒಳಕ್ಕೆ, ಒಮ್ಮೆ ಹಿಂದಕ್ಕೆ ಬಾಗಬೇಕು. ಪ್ರತಿ ಸಲ ಪೆಡಲ್ ಒತ್ತಿ ಬಿಟ್ಟಾಗಲೂ ಸಡಿಲವಾಗಿ ಮತ್ತೆ ಬಿಗಿಯಾಗಬೇಕು. ನಾಲ್ಕು ವಾರಕ್ಕೆ ಅದು ಉದ್ದ ಎಳೆದುಕೊಂಡು ಇಳಿಜಾರು ಹತ್ತುವಾಗ ಜಾರತೊಡಗಿತು. ಬಿಚ್ಚಿ ನೋಡಿದರೆ ಪಕ್ಕಗಳು ಕನ್ನಡಿ ಥರ ಹೊಳೆಯುತ್ತಿದ್ದವು.

ಎರಡನೆಯದು ಗಾಡಿಯ ಪುಸ್ತಕದಲ್ಲಿ ಹೇಳಿದ ನಂಬರಿನದೇ. ಮೂವತ್ತೆಂಟು ಡಾಲರ್. ಒಳಗೆ ಪಾಲಿಯೆಸ್ಟರ್ ದಾರದ ಬದಲು ಅರಾಮಿಡ್ ದಾರ, ಜನ ಕೆವ್ಲಾರ್ ಅಂತ ಕರೆಯೋದು. 1965ರಲ್ಲಿ ಡ್ಯೂಪಾಂಟ್ ಕಂಪನಿಯ ಸ್ಟೆಫನಿ ಕ್ವೊಲೆಕ್ ಕಂಡುಹಿಡಿದ ನೂಲು. ಗುಂಡು ತಡೆಯುವ ಜಾಕೆಟ್‌ಗೂ ಅದನ್ನೇ ಹಾಕುತ್ತಾರೆ. ಎಳೆದರೆ ಅಷ್ಟಾಗಿ ಉದ್ದವಾಗೋದಿಲ್ಲ. ಆದರೆ ಮೂರು ವಾರಕ್ಕೆ ಆ ಬೆಲ್ಟಿನ ಒಂದು ಅಂಚು ಗೋಣಿಚೀಲದ ಬಾಯಿಯ ಹಾಗೆ ಎಳೆಎಳೆಯಾಗಿ ಬಿಚ್ಚಿಕೊಂಡಿತು. ಇನ್ನೊಂದು ಅಂಚು ಹೊಸದರ ಹಾಗೇ ಇತ್ತು.

ಆಗ ರಿಪೇರಿ ಅಂಗಡಿಗೆ ಫೋನ್ ಮಾಡಿದೆ. ಅದು ಹುಲ್ಲಿನ ಸೀಸನ್. ಗಾಡಿ ಒಯ್ಯೋಕೇ ಮೂರು ವಾರ ಕಾಯಬೇಕು ಅಂದರು. ಪಕ್ಕದ ಮನೆ ಅಜ್ಜ ಬಂದು ನೋಡಿ, ಐಡ್ಲರ್ ಪುಲ್ಲಿಯ ಬೇರಿಂಗ್ ಹೋಗಿರುತ್ತೆ, ಅದು ಹಾಕಿಸು ಅಂದರು. ಒಳ್ಳೆಯ ಸಲಹೆಯೇ. 'ವಿ' ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿದರೆ ಮರಳು ತುಂಬಿದ ಹಾಗೆ ಕರಕರ ಅನ್ನುತ್ತಿತ್ತು. ಎರಡೂ ಪುಲ್ಲಿ ಹೊಸದು ತರಿಸಿ ಹಾಕಿದೆ, ಮೇಲೆ ಮೂರನೇ ಬೆಲ್ಟ್. ಈಗ ಎಲ್ಲಾ ಸರಿಹೋಯ್ತು ಅಂತ ನಿಜವಾಗಿಯೂ ನಂಬಿದ್ದೆ. ಅದು ಹತ್ತೇ ದಿನಕ್ಕೆ ಇಳಿಜಾರಿನಲ್ಲಿ ಹರಿದುಬಿತ್ತು.

ಗಾಡಿಯ ಹಿಂದೆ ಒಂದು ಸರಳಿದೆ. ಅದನ್ನು ಎಳೆದರೆ ಗೇರ್‌ಬಾಕ್ಸ್ ಬಿಡಿಸಿಕೊಂಡು ಚಕ್ರ ಸುಮ್ನೆ ಉರುಳುತ್ತದೆ. ಆದರೆ ಹಾಗೆ ಎಳೆದ ಮೇಲೆ ಗೇರ್‌ಬಾಕ್ಸ್ ಗಾಡಿಯನ್ನು ಹಿಡಿಯೋದಿಲ್ಲ. ಇಳಿಜಾರಿನಲ್ಲಿ ಒಬ್ಬರೇ ಮಾಡಬಾರದ ಕೆಲಸ. ಮಗನನ್ನು ಕರೆದು ಬ್ರೇಕ್ ಮೇಲೆ ಕಾಲಿಡಿಸಿ, ನಿಧಾನಕ್ಕೆ ಸಮತಟ್ಟು ಜಾಗಕ್ಕೆ ಇಳಿಸಿ, ಇಬ್ಬರೂ ತಳ್ಳಿಕೊಂಡು ಗ್ಯಾರೇಜಿಗೆ ತಂದೆವು.

ಅಮ್ಮ ಆಗ ನಮ್ಮ ಮನೆಯಲ್ಲಿದ್ದಳು. ಮಾರ್ಚ್‌ನಲ್ಲಿ ಬಂದಿದ್ದಳು, ಆರು ತಿಂಗಳಿಗೆ. ಚಿಕ್ಕನಾಯಕನಹಳ್ಳಿ ಹತ್ತಿರ ನಮ್ಮದೊಂದು ಹಿಟ್ಟಿನ ಗಿರಣಿ ಇತ್ತು. ಅಪ್ಪ ತೋಟ ನೋಡಿಕೊಂಡರೆ ಗಿರಣಿ ನಡೆಸಿದ್ದು ಅಮ್ಮ. ಇಪ್ಪತ್ತೆರಡು ವರ್ಷ, ದಿನಾ ಬೆಳಗ್ಗೆ ಎಂಟರಿಂದ. ರಾಗಿ ಜಾಸ್ತಿ, ಗೋಧಿ ಸ್ವಲ್ಪ, ಹಬ್ಬದ ಮುಂಚೆ ಅಕ್ಕಿ.

ಆ ಸಂಜೆ ನಾನು ಸತ್ತ ಬೆಲ್ಟ್‌ಗಳನ್ನೆಲ್ಲ ಗ್ಯಾರೇಜಿನ ನೆಲದ ಮೇಲೆ ಸಾಲಾಗಿ ಹಾಸಿದ್ದೆ. ಯಾವುದನ್ನೂ ಎಸೆದಿರಲಿಲ್ಲ, ಅದೊಂದು ಒಳ್ಳೆಯದಾಗಿತ್ತು. ಅಮ್ಮ ಕಾಫಿ ಹಿಡಿದು ಬಂದಳು. ಲೋಟ ಕೆಳಗಿಟ್ಟಳು. ಸೆರಗನ್ನು ಸುತ್ತಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಳು. ಇಂಜಿನ್ ಓಡುತ್ತಿರಲಿಲ್ಲ, ಗಾಡಿಯಲ್ಲಿ ಬೆಲ್ಟೂ ಇರಲಿಲ್ಲ. ಆದರೂ ಸಿಕ್ಕಿಸಿಕೊಂಡಳು. ಗಿರಣಿಯೊಳಕ್ಕೆ ಕಾಲಿಡುವ ಮುಂಚೆ ಹಾಗೇ ಮಾಡುತ್ತಿದ್ದಳು. ಬೆಲ್ಟಿನ ಪಕ್ಕ ಓಡಾಡುವಾಗ ಬಟ್ಟೆಯ ಚುಂಗೂ ಜೋತಾಡಬಾರದು.

ಮೂರನ್ನೂ ಒಂದೊಂದಾಗಿ ಎತ್ತಿ ಹೆಬ್ಬೆರಳಲ್ಲಿ ಅಂಚು ಸವರುತ್ತಾ ಸುತ್ತು ಬಂದಳು.

"ಇದು ಜಾರಿ ಸತ್ತಿದೆ ಕಣೋ" ಅಂದಳು ಮೊದಲನೆಯದಕ್ಕೆ. "ಆದ್ರೆ ಇಲ್ನೋಡು, ಇದರಲ್ಲೂ ಒಂದು ಕಡೆ ಅಂಚು ಎದ್ದಿದೆ."

ನಾನು ನೋಡಿರಲಿಲ್ಲ. ಪಕ್ಕ ಹೊಳೆಯೋದನ್ನು ನೋಡಿ, ಅಗ್ಗದ ಬೆಲ್ಟ್ ಅಂತ ತೀರ್ಮಾನಿಸಿ ಬಿಟ್ಟಿದ್ದೆ. ಬೆಳಕಿಗೆ ಹಿಡಿದಾಗ ಕಂಡಿತು. ಸಣ್ಣ ಕೂದಲಿನಂಥ ಎಳೆಗಳು, ಒಂದೇ ಕಡೆ. ಎರಡನೆಯದರಲ್ಲಿ ಅದೇ ಕಡೆ. ಮೂರನೆಯದರಲ್ಲೂ ಅದೇ ಕಡೆ, ಜೊತೆಗೆ ಕತ್ತಿಯಲ್ಲಿ ಗೀರಿದ ಹಾಗೆ ಉದ್ದಕ್ಕೂ ಒಂದು ಗೆರೆ, ಗೆರೆಯ ಬಾಯಲ್ಲಿ ಕರಗಿದ ರಬ್ಬರು.

ಬೆಲ್ಟ್ ಹೇಗೆ ಸತ್ತಿದೆ ಅನ್ನೋದು ಅದರ ಮೈಮೇಲೆ ಬರೆದಿರುತ್ತದೆ. ಎರಡೂ ಪಕ್ಕ ಹೊಳೆಯುತ್ತಿದ್ದರೆ ಜಾರಿದೆ. ಒಂದೇ ಜಾಗದಲ್ಲಿ ಸುಟ್ಟು ಹಳ್ಳ ಬಿದ್ದಿದ್ದರೆ ಎಲ್ಲೋ ಒಂದು ಪುಲ್ಲಿ ಸಿಕ್ಕಿಹಾಕಿಕೊಂಡು, ನಿಂತ ಬೆಲ್ಟಿನ ಮೇಲೆ ಇಂಜಿನ್ ಪುಲ್ಲಿ ತಿರುಗಿದೆ. ಒಳಗಡೆ ಅಡ್ಡ ಬಿರುಕಿದ್ದರೆ ವಯಸ್ಸು ಅಥವಾ ಬಿಸಿ. ಸುತ್ತಲೂ ಒಂದೇ ಅಂಚು ಹರಿದಿದ್ದರೆ ಯಾವುದೋ ಪುಲ್ಲಿ ವಾರೆ ಇದೆ. ಮೂರೂ ಬೆಲ್ಟ್ ಒಂದೇ ಮಾತು ಹೇಳುತ್ತಿದ್ದವು. ಆದರೆ ಯಾವ ಪುಲ್ಲಿ?

ನಾನು ಎಲ್ಲವನ್ನೂ ಪರೀಕ್ಷೆ ಮಾಡಿದ್ದೆ. ಹಿಂದಿನ ಗೇರ್‌ಬಾಕ್ಸಿನ ಪುಲ್ಲಿ ಕೈಯಲ್ಲಿ ಸಲೀಸಾಗಿ ತಿರುಗುತ್ತಿತ್ತು. ಇಂಜಿನ್ ಪುಲ್ಲಿ ಅಲ್ಲಾಡುತ್ತಿರಲಿಲ್ಲ. ಪುಲ್ಲಿಗಳ ತಳ ಹೊಳೆಯುತ್ತಿದೆಯಾ ಅಂತಲೂ ನೋಡಿದ್ದೆ. ವಿ-ಬೆಲ್ಟ್ ಹಿಡಿಯುವುದು ಎರಡು ಪಕ್ಕದಿಂದ, ತಳ ಮುಟ್ಟಬಾರದು. ಪಕ್ಕ ಸವೆದ ಪುಲ್ಲಿಯಲ್ಲಿ ಬೆಲ್ಟ್ ಕೆಳಕ್ಕೆ ಕೂತು ತಳವನ್ನು ತಿಕ್ಕಿ ಬೆಳ್ಳಗೆ ಮಾಡಿರುತ್ತದೆ. ನನ್ನವು ತಳದಲ್ಲಿ ಮಾಸಲಾಗಿಯೇ ಇದ್ದವು. ಐಡ್ಲರ್‌ಗಳಂತೂ ಹೊಚ್ಚ ಹೊಸವು. ದಾರ ಹಿಡಿದು ಸಾಲೂ ನೋಡಿದ್ದೆ. ಎಲ್ಲಾ ನೆಟ್ಟಗಿತ್ತು.

ಇಷ್ಟನ್ನೂ ಅಮ್ಮನಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ.

"ನೀನು ನೋಡುವಾಗ ಬೆಲ್ಟ್ ಬಿಗಿಯಾಗಿತ್ತೋ, ಸಡಿಲವಾಗಿತ್ತೋ?"

ಉತ್ತರ ಹೇಳೋಕೆ ಹೋಗಿ ನಿಂತೆ. ಪ್ರತಿ ಸಲ ಗಾಡಿಯ ಕೆಳಗೆ ಕೈಹಾಕುವ ಮುಂಚೆ ನಾನು ತಪ್ಪದೆ ಮೂರು ಕೆಲಸ ಮಾಡುತ್ತೇನೆ. ಕೀ ತೆಗೆಯುತ್ತೇನೆ, ಸ್ಪಾರ್ಕ್ ಪ್ಲಗ್ಗಿನ ವೈರ್ ಬಿಡಿಸುತ್ತೇನೆ, ಪಾರ್ಕಿಂಗ್ ಬ್ರೇಕ್ ಹಾಕುತ್ತೇನೆ. ಈ ಗಾಡಿಯಲ್ಲಿ ಬ್ರೇಕ್ ಪೆಡಲ್ ಒತ್ತಿದರೆ ಐಡ್ಲರ್ ತೋಳು ಹಿಂದಕ್ಕೆ ಸರಿದು ಬೆಲ್ಟ್ ಸಡಿಲವಾಗುತ್ತದೆ. ಪಾರ್ಕಿಂಗ್ ಬ್ರೇಕ್ ಅಂದರೆ ಆ ಪೆಡಲನ್ನು ಒತ್ತಿದ ಹಾಗೇ ಹಿಡಿದಿಡುವುದು. ಅಂದರೆ ಎರಡು ತಿಂಗಳಲ್ಲಿ ನಾನು ಒಂದು ಸಲವೂ ಬೆಲ್ಟ್ ಬಿಗಿಯಿದ್ದಾಗ ಆ ಪುಲ್ಲಿಗಳನ್ನು ನೋಡಿರಲಿಲ್ಲ.

ಅಮ್ಮ ಗಿರಣಿಯ ಕಥೆ ಹೇಳಿದಳು. ನಾನು ಹೈಸ್ಕೂಲಿನಲ್ಲಿದ್ದಾಗ ನಡೆದದ್ದಂತೆ. ಮೋಟರ್ ಕೂತಿದ್ದ ಕಬ್ಬಿಣದ ಪಟ್ಟಿಯ ಒಂದು ಬೋಲ್ಟಿನ ತೂತು ಸವೆದಿತ್ತು. "ನಿಂತಾಗ ನೆಟ್ಟಗೇ ಇರ್ತಿತ್ತು. ಖಾಲಿ ಓಡಿಸಿದ್ರೂ ನೆಟ್ಟಗೆ. ರಾಗಿ ಸುರಿದ್ಮೇಲೆ ಮೋಟರು ಒಂದು ಕಡೆ ವಾಲ್ಕೊಳ್ಳೋದು. ಮಿಸ್ತ್ರಿ ಬಂದಾಗೆಲ್ಲ ಗಿರಣಿ ನಿಲ್ಸಿ ತೋರಿಸ್ತಿದ್ವಿ. ಅವನಿಗೇನು ಕಾಣುತ್ತೆ? ಒಂದಿನ ನಾನೇ ರಾಗಿ ಹಾಕಿ ದೂರ ನಿಂತು ನೋಡಿದೆ."

ಗಿರಣಿಯನ್ನು ದೂರ ನಿಂತು ನೋಡಬಹುದು. ಮೋವರ್ ಓಡುವಾಗ ಅದರ ಕೆಳಗೆ ನೋಡುವ ಹಾಗಿಲ್ಲ, ಯಾರೂ ಪ್ರಯತ್ನಿಸಲೂ ಬಾರದು. ಆದರೆ ಇಂಜಿನ್ ನಿಲ್ಲಿಸಿಯೂ ಬೆಲ್ಟನ್ನು ಬಿಗಿಯಾಗಿಡಬಹುದು. ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಒತ್ತು ಕೊಟ್ಟು, ಬ್ರೇಕ್ ಬಿಟ್ಟರೆ ಆಯಿತು. ಪರೀಕ್ಷೆಗೆ ಹೊಸ ಬೆಲ್ಟ್ ಯಾಕೆ, ಎರಡನೆಯದು ಅಂಚು ಹರಿದಿದೆಯೇ ಹೊರತು ತುಂಡಾಗಿಲ್ಲವಲ್ಲ, ಅದನ್ನೇ ಹಾಕು ಅಂದಳು ಅಮ್ಮ.

ಭಾನುವಾರ ಬೆಳಗ್ಗೆ ಡೆಕ್, ಅಂದರೆ ಬ್ಲೇಡುಗಳಿರುವ ಕೆಳಗಿನ ಭಾಗ, ಬಿಚ್ಚಿ ಪಕ್ಕಕ್ಕೆ ಎಳೆದೆ. ಹಳೇ ಬೆಲ್ಟ್ ಹಾಕಿದೆ. ಪ್ಲಗ್ ವೈರ್ ಬಿಡಿಸಿ, ಚಕ್ರಗಳಿಗೆ ಒತ್ತು ಕೊಟ್ಟು, ನೆಲದ ಮೇಲೆ ಮಲಗಿ ಟಾರ್ಚ್ ಬಿಟ್ಟೆ. "ಅಮ್ಮ, ಈಗ ಪೆಡಲ್ ಬಿಡು" ಅಂದೆ. ಅವಳು ನಿಧಾನಕ್ಕೆ ಬಿಟ್ಟಳು.

ಸ್ಪ್ರಿಂಗ್ ತೋಳನ್ನು ಎಳೆಯಿತು. ಬೆಲ್ಟ್ ಬಿಗಿಯಿತು. ಬಿಗಿಯುತ್ತಿದ್ದ ಹಾಗೆ ಇಡೀ ತೋಳು, ಅದರ ಮೇಲಿದ್ದ ಎರಡು ಹೊಸ ಪುಲ್ಲಿಗಳ ಸಮೇತ, ತಲೆ ಬಾಗಿಸಿದ ಹಾಗೆ ಒಂದು ಕಡೆ ವಾಲಿತು. ಕಾಲು ಇಂಚೂ ಇರಲಿಕ್ಕಿಲ್ಲ. ಆದರೆ ಟಾರ್ಚಿನ ಬೆಳಕಿನಲ್ಲಿ ಎದ್ದು ಕಾಣುತ್ತಿತ್ತು. ಬೆಲ್ಟ್ 'ವಿ' ಪುಲ್ಲಿಯೊಳಕ್ಕೆ ನೇರ ಹೋಗದೆ ಅದರ ಕೆಳಗಿನ ಅಂಚನ್ನು ಉಜ್ಜಿಕೊಂಡು ಹೋಗುತ್ತಿತ್ತು.

"ಇನ್ನೊಂದ್ಸಲ ಒತ್ತಿ ಬಿಡು" ಅಂದೆ. ನೆಟ್ಟಗಾಯಿತು, ಮತ್ತೆ ವಾಲಿತು. ಹತ್ತು ಸಲ ಮಾಡಿಸಿದೆನೇನೋ. ಆಮೇಲೆ ಅಮ್ಮನೂ ಚಾಪೆ ಹಾಸಿಕೊಂಡು ಬಗ್ಗಿ ನೋಡಿದಳು, ಪೆಡಲ್ ಮಗ ಒತ್ತಿದ.

ತೋಳು ಒಂದು ದಪ್ಪ ಬೋಲ್ಟಿನ ಮೇಲೆ ಬಾಗಿಲ ತಿರುಗಣಿಯಂತೆ ತಿರುಗುತ್ತದೆ. ಬೋಲ್ಟಿಗೂ ತೋಳಿಗೂ ನಡುವೆ ಒಂದು ಬುಷ್, ಅಂದರೆ ಸಣ್ಣ ಕೊಳವೆಯಂಥ ತುಂಡು, ಇದೆ. ಸ್ಪ್ರಿಂಗ್ ಬಿಚ್ಚಿ ಅದನ್ನು ಹೊರತೆಗೆದೆ. ಆ ಸ್ಪ್ರಿಂಗ್ ತುಂಬಾ ಜೋರು, ಕೈಯಿಂದಾಗಲಿ ಸ್ಕ್ರೂಡ್ರೈವರಿನಿಂದಾಗಲಿ ಮೀಟಬಾರದು, ಕಣ್ಣಿಗೆ ಹಾರುತ್ತದೆ. ಗಟ್ಟಿ ಹಗ್ಗದ ಕುಣಿಕೆ ಹಾಕಿ, ಕೈಗವಸು, ಕನ್ನಡಕ ಹಾಕಿಕೊಂಡು ಎಳೆದು ಬಿಡಿಸಿದೆ. ಬುಷ್‌ನ ತೂತು ದುಂಡಗಿರಲಿಲ್ಲ. ಮೊಟ್ಟೆಯ ಆಕಾರಕ್ಕೆ ಸವೆದಿತ್ತು. ಒಳಗೆ ಗ್ರೀಸ್ ಹೆಸರಿಗೂ ಇಲ್ಲ, ಬರೀ ಕೆಂಪು ಮಣ್ಣಿನ ಪುಡಿ. ಈ ಕಡೆಯ ಮಣ್ಣು ಕೆಂಪು ಜೇಡಿ, ಬೇಸಿಗೆಯಲ್ಲಿ ನುಣ್ಣಗೆ ಧೂಳಾಗಿ ಎಲ್ಲದರೊಳಗೂ ಸೇರುತ್ತದೆ. ಐದು ವರ್ಷ ಆ ಧೂಳು ಅರೆದಿದೆ.

ಈಗ ಅರ್ಥವಾಯಿತು, ಹೊಸ ಪುಲ್ಲಿ ಹಾಕಿದರೂ ಯಾಕೆ ಏನೂ ಬದಲಾಗಲಿಲ್ಲ ಅಂತ. ಪುಲ್ಲಿ ಹೊಸದು, ಅದು ಕೂತ ತೋಳು ಹಳೆಯದೇ.

ಆದರೆ ಮೂರನೆಯದು ಮಾತ್ರ ಯಾಕೆ ಅಷ್ಟು ಬೇಗ ಹೋಯಿತು? ಆ ಕತ್ತಿ ಗೀರಿದ ಗೆರೆ ಎಲ್ಲಿಂದ ಬಂತು? ಅದರ ಉತ್ತರ ಪುಲ್ಲಿಯ ಪಕ್ಕದಲ್ಲೇ ಇತ್ತು. ಬೆಲ್ಟ್ ಸಡಿಲವಾದಾಗ ಆಚೆ ಜಿಗಿಯದ ಹಾಗೆ ಪ್ರತಿ ಐಡ್ಲರಿಗೂ ಒಂದು ಸಣ್ಣ ತಗಡಿನ ಕಾವಲು ಇರುತ್ತದೆ. ಪುಲ್ಲಿಯ ಬೋಲ್ಟಿನಲ್ಲೇ ಅದನ್ನೂ ಬಿಗಿಯುವುದು. ಬೋಲ್ಟ್ ತಿರುಗಿಸುವಾಗ ಹಿಡಿದುಕೊಳ್ಳದಿದ್ದರೆ ಅದೂ ಜೊತೆಗೆ ತಿರುಗುತ್ತದೆ. ನಾನು ಹೊಸ ಪುಲ್ಲಿ ಹಾಕುವಾಗ ಹಿಡಿದುಕೊಂಡಿರಲಿಲ್ಲ. ತಗಡಿನ ತುದಿ ಬೆಲ್ಟಿನ ಕಡೆ ತಿರುಗಿಕೊಂಡಿತ್ತು. ತೋಳು ವಾಲಿದಾಗ ಬೆಲ್ಟ್ ನೇರ ಅದಕ್ಕೇ ತಾಗುತ್ತಿತ್ತು. ತಗಡಿನ ಬಣ್ಣ ಹೋಗಿ ಆ ತುದಿ ಹೊಸ ನಾಣ್ಯದ ಹಾಗೆ ಥಳಥಳ ಹೊಳೆಯುತ್ತಿತ್ತು. ಅದರ ಸುತ್ತ ಕಾಡಿಗೆಯಂಥ ಕಪ್ಪು ಪುಡಿ. ಬೆಲ್ಟ್ ಕೊಲ್ಲುವ ಗಾಡಿಯಲ್ಲಿ ಮೊದಲು ಹುಡುಕಬೇಕಾದ್ದು ಇವೆರಡನ್ನೇ: ಹೊಳೆಯಬಾರದ ಜಾಗದಲ್ಲಿ ಹೊಳಪು, ಮತ್ತು ಕಪ್ಪು ಪುಡಿ ಎಲ್ಲಿ ಜಾಸ್ತಿ ಬಿದ್ದಿದೆ ಅನ್ನೋದು. ನಾನು ಪ್ರತಿ ಸಲ ಬೆಲ್ಟ್ ಬದಲಿಸುವ ಮುಂಚೆ ಗಾಳಿ ಹೊಡೆದು ಚೊಕ್ಕಟ ಮಾಡುತ್ತಿದ್ದೆ. ಗುರುತೆಲ್ಲ ಅದರ ಜೊತೆ ಹೋಗುತ್ತಿತ್ತು.

ಬುಷ್ ಒಂದೇ ಬಿಡಿಯಾಗಿ ಸಿಗಲಿಲ್ಲ. ತೋಳಿನ ಸಮೇತ ತರಿಸಬೇಕಾಯಿತು, ನಲವತ್ತಾರು ಡಾಲರ್. ಬರೋಕೆ ನಾಲ್ಕು ದಿನ. ಅಷ್ಟರಲ್ಲಿ ಎರಡು ಮಳೆ ಬಂತು. ಮುಂದಿನ ಅಂಗಳವನ್ನು ಮಾತ್ರ ಕೈ ಮೋವರಿನಲ್ಲಿ ಮಾಡಿದೆ.

ತೋಳು ಬಂದ ಸಂಜೆಯೇ ಕೂತೆವು. ಮೊದಲು ಬೋಲ್ಟಿನ ಮೈಯನ್ನು ಬಟ್ಟೆಯಿಂದ ಒರೆಸಿ, ಉಗುರಲ್ಲಿ ಗೀಚಿ ಸವೆದಿಲ್ಲ ಅಂತ ಖಾತ್ರಿ ಮಾಡಿಕೊಂಡೆ. ಬೋಲ್ಟ್ ಸವೆದಿದ್ದರೆ ಹೊಸ ಬುಷ್ ಹಾಕಿದ್ದೂ ದಂಡ. ಅಮ್ಮ ಹೊಸ ಬುಷ್ಷಿಗೆ ಬೆರಳಿನಿಂದ ಗ್ರೀಸ್ ತುಂಬಿದಳು, ಒಬ್ಬಟ್ಟಿಗೆ ಹೂರಣ ತುಂಬುವಷ್ಟು ಮನಸ್ಸಿಟ್ಟು. ಪುಲ್ಲಿಗಳನ್ನು ಹೊಸ ತೋಳಿಗೆ ಬಿಗಿದೆ. ಈ ಸಲ ಕಾವಲು ತಗಡನ್ನು ಇಕ್ಕಳದಿಂದ ಹಿಡಿದುಕೊಂಡೇ ಬಿಗಿದೆ. ಬೆಲ್ಟ್ ಬಿಗಿಯಿದ್ದಾಗ ತಗಡಿಗೂ ಬೆಲ್ಟಿಗೂ ನಡುವೆ ಎರಡು ಕ್ವಾರ್ಟರ್ (25 ಸೆಂಟ್) ನಾಣ್ಯ ಜೋಡಿಸಿ ತೂರಿಸಿದೆ. ಸಲೀಸಾಗಿ ಹೋಯಿತು. ಸರಿಸುಮಾರು ಮೂರೂವರೆ ಮಿಲಿಮೀಟರ್.

ಹೊಸ ಬೆಲ್ಟ್ ಹಾಕುವಾಗ ಸ್ವಲ್ಪ ಕಷ್ಟದ ಜಾಗ ಅಂದರೆ ಹಿಂದಿನ ಗೇರ್‌ಬಾಕ್ಸ್. ಪುಲ್ಲಿಯ ಮೇಲೆ ಒಂದು ಪ್ಲಾಸ್ಟಿಕ್ ಫ್ಯಾನ್ ಇದೆ, ಗೇರ್‌ಬಾಕ್ಸಿನ ಎಣ್ಣೆ ಕಾಯದ ಹಾಗೆ ಗಾಳಿ ಬೀಸುವುದಕ್ಕೆ. ಅದರ ಒಂದೊಂದು ರೆಕ್ಕೆಯನ್ನೂ ದಾಟಿಸುತ್ತಾ ಬೆಲ್ಟ್ ಇಳಿಸಬೇಕು. ಅವಸರ ಮಾಡಿದರೆ ರೆಕ್ಕೆ ಮುರಿಯುತ್ತದೆ, ಬೆಲ್ಟ್ ಎಳೆದಾಡಿದರೆ ಒಳಗಿನ ದಾರ ನೋಯುತ್ತದೆ. ಹಾಕಿದ ಮೇಲೆ ಎಲ್ಲೂ ಮಡಚಿಕೊಂಡಿಲ್ಲ, ಎಲ್ಲಾ ಕಾವಲಿನ ಒಳಗಡೆಯೇ ಇದೆ ಅಂತ ಬೆರಳಿಟ್ಟು ಸುತ್ತು ಬಂದೆ. ಚಕ್ರಕ್ಕೆ ಒತ್ತು ಕೊಟ್ಟು ಬ್ರೇಕ್ ಬಿಟ್ಟು ನೋಡಿದೆವು. ತೋಳು ಸರಿಯಿತು, ವಾಲಲಿಲ್ಲ.

ಬ್ಲೇಡ್ ಹಾಕದೆ ಅಂಗಳದಲ್ಲಿ ಹತ್ತು ನಿಮಿಷ ಓಡಿಸಿದೆ. ಇಳಿಜಾರು ಎರಡು ಸಲ ಹತ್ತಿಸಿದೆ. ತಂದು ನಿಲ್ಲಿಸಿ, ಕೀ ತೆಗೆದು, ವೈರ್ ಬಿಡಿಸಿದ ಮೇಲೆ ಅಮ್ಮ ಕೈ ಹಿಂಭಾಗವನ್ನು ಪುಲ್ಲಿಗಳ ಹತ್ತಿರ ತಂದು, ಬಿಸಿ ಹೇಗಿದೆ ನೋಡಿ, ಆಮೇಲೆ ಮುಟ್ಟಿದಳು. ಗಿರಣಿಯಲ್ಲಿ ದಿನಾ ರಾತ್ರಿ ಬೇರಿಂಗ್ ಮುಟ್ಟಿ ನೋಡಿಯೇ ಬಾಗಿಲು ಹಾಕುತ್ತಿದ್ದಳು. ಒಂದು ಪುಲ್ಲಿ ಮಾತ್ರ ಮಿಕ್ಕವಕ್ಕಿಂತ ಜಾಸ್ತಿ ಕಾದಿದ್ದರೆ ಅಲ್ಲಿ ಏನೋ ಇದೆ ಅಂತ ಅರ್ಥ. ಎಲ್ಲಾ ಒಂದೇ ಥರ ಉಗುರು ಬೆಚ್ಚಗಿದ್ದವು.

"ಈಗ ಹುಲ್ಲು ಹೊಡಿ" ಅಂದಳು.

ಹುಲ್ಲು ಆರು ಇಂಚು ದಾಟಿತ್ತು. ಒಂದೇ ಸಲಕ್ಕೆ ಗಿಡ್ಡ ಕತ್ತರಿಸಿದರೆ ಫೆಸ್ಕ್ಯೂ ಒಣಗುತ್ತದೆ, ಗಾಡಿಗೂ ಭಾರ. ಡೆಕ್ ಎತ್ತರಿಸಿ ಒಂದು ಸುತ್ತು, ಮೂರು ದಿನ ಬಿಟ್ಟು ಮೂರೂವರೆ ಇಂಚಿಗೆ ಇಳಿಸಿ ಇನ್ನೊಂದು ಸುತ್ತು ಮಾಡಿದೆ. ಇಳಿಜಾರಿನ ಮಧ್ಯಕ್ಕೆ ಬಂದಾಗ ಮೂಗು ತಾನಾಗಿಯೇ ವಾಸನೆ ಹುಡುಕುತ್ತಿತ್ತು. ಹಸಿ ಹುಲ್ಲಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ.

ಆಮೇಲೆ ಗಾಡಿ ಓಡಿದ ಪ್ರತಿ 25 ಗಂಟೆಗೊಮ್ಮೆ ಆ ಬುಷ್ಷಿಗೆ ಗ್ರೀಸ್ ಕೊಡುತ್ತಿದ್ದೇನೆ. ತಿಂಗಳಿಗೊಮ್ಮೆ ಒತ್ತು ಕೊಟ್ಟು, ಬ್ರೇಕ್ ಬಿಟ್ಟು, ಟಾರ್ಚ್ ಹಾಕಿ ನೋಡುತ್ತೇನೆ. ಗಾಳಿ ಹೊಡೆಯೋದು ನೋಡಿದ ಮೇಲೆ.

ಅಮ್ಮ ಸೆಪ್ಟೆಂಬರಿನಲ್ಲಿ ಊರಿಗೆ ಹೋದಳು. ನವೆಂಬರಿನಲ್ಲಿ ಸೀಸನ್ ಮುಗಿದು ಗಾಡಿಯನ್ನು ಚಳಿಗಾಲಕ್ಕೆ ಎತ್ತಿಡುವ ಮುಂಚೆ ಡೆಕ್ ಬಿಚ್ಚಿ, ಬೆಲ್ಟಿನ ಅಂಚಿನ ಫೋಟೋ ತೆಗೆದು ಅವಳಿಗೆ ಕಳಿಸಿದೆ. ಐದೇ ನಿಮಿಷಕ್ಕೆ ವಾಟ್ಸಾಪಿನಲ್ಲಿ ಧ್ವನಿ ಬಂತು.

"ಚೆನ್ನಾಗಿದೆ ಕಣಪ್ಪ. ಇನ್ನೊಂದು ಅಂಚಿಂದೂ ಕಳ್ಸು."